‘ನಿಂಗೇನು ಕಮ್ಮಿಯಾಗಿದೆ?’ ಎಂದು ಕೇಳುವ ಮುನ್ನ

ಖಿನ್ನತೆಗೆ ಸಿಕ್ಕವರು ಮನೆಯವರ ಬಾಯಿಂದ ಮೊದಲು ಕೇಳಿಸಿಕೊಳ್ಳುವ ಮಾತು ಹೆಚ್ಚೂಕಡಿಮೆ ಒಂದೇ: ‘ನಿಂಗೇನು ಕಮ್ಮಿಯಾಗಿದೆ?’ ಗಂಡ ಕೇಳುತ್ತಾನೆ, ಅತ್ತೆ ಕೇಳುತ್ತಾರೆ, ಊರಿಂದ ಫೋನು ಮಾಡಿದ ಅಕ್ಕ ಕೇಳುತ್ತಾಳೆ. ಸ್ವಂತ ಮನೆಯಿದೆ, ಮಕ್ಕಳು ಕೆಲಸಕ್ಕೆ ಸೇರಿದ್ದಾರೆ, ಬಿ.ಪಿ., ಶುಗರ್ ಹತೋಟಿಯಲ್ಲಿವೆ. ಕೇಳಿದವರ ಮನಸ್ಸು ಒಳ್ಳೆಯದೇ. ಆದರೆ ಉತ್ತರವಿಲ್ಲದ ಆ ಪ್ರಶ್ನೆ ಕೇಳಿಸಿಕೊಂಡವರು ಅಂದಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ‘ಎಲ್ಲಾ ಇದ್ದೂ ಹೀಗಾಗ್ತಿದೆ ಅಂದ್ರೆ ತಪ್ಪು ನನ್ನದೇ’ ಎಂಬ ಲೆಕ್ಕ ಒಳಗೊಳಗೇ ಶುರುವಾಗುತ್ತದೆ. ಕಾಯಿಲೆ ಬಲಿಯುವುದು ಆ ಲೆಕ್ಕದಿಂದಲೇ.

ಚೆನ್ನೈನಲ್ಲಿ ಹೀಗೆ ಬಾಯಿ ಮುಚ್ಚಿಕೊಂಡವರು ಎಷ್ಟಿರಬಹುದು? ಮಧುಮೇಹದ ಬಗ್ಗೆ ತಿಳಿಯಲು ಈ ನಗರದಲ್ಲಿ ‘ಕ್ಯೂರ್ಸ್’ ಎಂಬ ದೊಡ್ಡ ಸಮೀಕ್ಷೆ ನಡೆಯಿತು. ಅದರದೇ ಭಾಗವಾಗಿ 25,455 ಜನರಿಗೆ ಮನಸ್ಸಿನ ಸ್ಥಿತಿಯ ಬಗ್ಗೆಯೂ ಪ್ರಶ್ನೆ ಕೇಳಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇ 15.1 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಹೆಂಗಸರಲ್ಲಿ ಶೇ 16.3, ಗಂಡಸರಲ್ಲಿ ಶೇ 13.9. ವರಮಾನ ಕಡಿಮೆಯಿದ್ದವರಲ್ಲಿ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಲ್ಲಿ, ವಿಚ್ಛೇದನ ಆದವರಲ್ಲಿ ಇದು ಇನ್ನೂ ಹೆಚ್ಚು. ಪ್ರಶ್ನಾವಳಿಯ ಲೆಕ್ಕ ಬೇರೆ, ತಜ್ಞರು ಕುಳಿತು ಮಾತಾಡಿಸಿ ಕಾಯಿಲೆ ಎಂದು ಗುರುತಿಸುವ ಲೆಕ್ಕ ಬೇರೆ ಎನ್ನುವುದನ್ನು ಮರೆಯಬಾರದು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದು, ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದವರು ಇಪ್ಪತ್ತು ವಯಸ್ಕರಲ್ಲಿ ಒಬ್ಬರು. ಅಂಥವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಚಿಕಿತ್ಸೆ ಸಿಗದೇ ಇರುವುದಕ್ಕೆ ಒಂದು ಕಾರಣ, ನಮ್ಮಲ್ಲಿ ಖಿನ್ನತೆ ಬರುವುದೇ ಬೇರೆ ವೇಷದಲ್ಲಿ. ‘ಮನಸ್ಸಿಗೆ ಬೇಜಾರು’ ಎಂದು ಯಾರೂ ಡಾಕ್ಟರ ಬಳಿ ಹೋಗುವುದಿಲ್ಲ. ಸುಸ್ತು, ತಲೆಭಾರ, ಎದೆ ಹಿಂಡಿದ ಹಾಗೆ, ಗ್ಯಾಸು, ಮೈಕೈ ನೋವು ಎಂದು ಹೋಗುತ್ತಾರೆ. ಇ.ಸಿ.ಜಿ. ಸರಿಯಿರುತ್ತದೆ, ಸ್ಕ್ಯಾನಿಂಗ್ ಸರಿಯಿರುತ್ತದೆ. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸುವುದು ಒಳ್ಳೆಯದೇ, ಅವುಗಳ ಕೊರತೆಯೂ ಇಂಥದೇ ಲಕ್ಷಣ ತೋರಿಸಬಲ್ಲದು. ಅವೂ ಸರಿಯಿದ್ದರೆ ಒಂದು ವಿಟಮಿನ್ ಮಾತ್ರೆಯೊಂದಿಗೆ ರೋಗಿ ಮನೆಗೆ ಬರುತ್ತಾರೆ, ಅವರ ನಿದ್ದೆಯ ಬಗ್ಗೆ ಯಾರೂ ಕೇಳಿರುವುದಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ಕಣ್ಣು ಹತ್ತದಿರುವುದು, ಊಟ ರುಚಿಸದಿರುವುದು, ಪೇಪರಿನ ಒಂದು ಸುದ್ದಿಯನ್ನೂ ಕೊನೆತನಕ ಓದಲಾಗದಿರುವುದು, ನಾನು ಯಾರಿಗೂ ಬೇಡದವನು ಎನ್ನಿಸುವುದು, ಇವೆಲ್ಲ ಎರಡು ವಾರಕ್ಕಿಂತ ಹೆಚ್ಚು ದಿನ, ಬಹುಪಾಲು ದಿನವಿಡೀ ಇದ್ದರೆ ಅದು ಬರೀ ಬೇಜಾರಲ್ಲ. ಇನ್ನೂ ಒಂದು ಗುರುತಿದೆ, ನನಗೆ ಎಲ್ಲಕ್ಕಿಂತ ಮುಖ್ಯ ಎನ್ನಿಸುವುದು: ಇಷ್ಟವಾಗುತ್ತಿದ್ದದ್ದು ಇಷ್ಟವಾಗದೇ ಹೋಗುವುದು. ಡಿಸೆಂಬರ್ ಬಂದರೆ ಮೈಲಾಪುರದ ಸಭಾಗಳಲ್ಲಿ ಒಂದು ಸಂಗೀತ ಕಛೇರಿಯಿಂದ ಇನ್ನೊಂದಕ್ಕೆ ಆಟೋ ಹಿಡಿದು ಓಡುತ್ತಿದ್ದವರು, ಈ ಮಾರ್ಗಳಿ ತಿಂಗಳಲ್ಲಿ ಪಾಸು ಕೈಯಲ್ಲಿದ್ದರೂ ಮನೆಯಲ್ಲೇ ಕೂರುತ್ತಾರೆ. ಯಾಕೆಂದು ಕೇಳಿದರೆ ‘ಮೊಣಕಾಲು ನೋವು’ ಎನ್ನುತ್ತಾರೆ.

ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಸಿಟ್ಟಾಗಿ, ಕುಡಿತವಾಗಿ ಹೊರಬರುತ್ತದೆ. ಕುಡಿತಕ್ಕೆ ಚಿಕಿತ್ಸೆ ಕೊಡಲು ಅಡ್ಯಾರಿನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನದಂಥ ಸಂಸ್ಥೆಗಳು ಈ ನಗರದಲ್ಲಿವೆ. ಬಾಟಲಿಯ ಹಿಂದೆ ಖಿನ್ನತೆ ಇದೆಯೇ ಎಂದು ನೋಡದೆ ಕುಡಿತ ಬಿಡಿಸುವುದು ಅರ್ಧ ಕೆಲಸ.

ಚಿಕಿತ್ಸೆ ಸಿಗದೇ ಇರುವುದಕ್ಕೆ ಇನ್ನೊಂದು ಕಾರಣ ಹಳೆಯದು, ನಾಚಿಕೆ. ಮದರಾಸಿನಲ್ಲಿ ಮಾನಸಿಕ ರೋಗಿಗಳಿಗೆಂದು ಮೊದಲ ಆಶ್ರಯ ಶುರುವಾದದ್ದು 1794ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್ ವ್ಯಾಲೆಂಟೈನ್ ಕಾನಲಿಯಿಂದ. 1871ರಲ್ಲಿ ಅದು ಕೀಳ್ಪಾಕ್ಕಿನ ತೋಟದ ಜಾಗಕ್ಕೆ ಬಂತು. 1922ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೆಂದೂ 1978ರಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯೆಂದೂ ಹೆಸರು ಬದಲಾಯಿತು. ಜನರ ಬಾಯಲ್ಲಿ ಮಾತ್ರ ಊರಿನ ಹೆಸರೇ ಬೈಗುಳವಾಗಿ ನಿಂತಿತು. ತಮಿಳು ಸಿನಿಮಾದ ಹಾಸ್ಯದಲ್ಲಿ ಕೀಳ್ಪಾಕ್ಕಂ ಎಂದರೆ ಸಾಕು, ನಗು. ನಾವು ಕನ್ನಡದವರೂ ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವ್ನನ್ನ’ ಎಂದು ಅದನ್ನೇ ಮಾಡಿದ್ದೇವೆ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ‘ಶರಪಂಜರ’ ಸಿನಿಮಾ ಮಾಡಿದಾಗ ಕನ್ನಡದ ಪ್ರೇಕ್ಷಕರು ಕಂಡದ್ದು ಇದನ್ನೇ: ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಹೆಂಗಸನ್ನು ಮನೆ, ನೆರೆಹೊರೆ ವಾಸಿಯಾದವಳೆಂದು ಒಪ್ಪುವುದೇ ಇಲ್ಲ. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕನ್ನಡ ಕೃತಿಯೂ ಮನೋವೈದ್ಯದ ಪುಸ್ತಕವೇ, ‘ರಾಶಿ’ಯೆಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’. ನಮ್ಮ ಭಾಷೆಯಲ್ಲಿ ಈ ಮಾತು ಹೊಸದೇನಲ್ಲ. ನಾಚಿಕೆ ಮಾತ್ರ ಹಾಗೇ ಉಳಿದಿದೆ.

ಕೀಳ್ಪಾಕ್ಕಿನ ಗೇಟು ತೆರೆಸಿದವರನ್ನು ಇಲ್ಲಿ ನೆನೆಯಲೇಬೇಕು. ಡಾ. ಶಾರದಾ ಮೆನನ್ ಹುಟ್ಟಿದ್ದು 1923ರಲ್ಲಿ ಮಂಗಳೂರಿನಲ್ಲಿ, ಮಲಯಾಳಿ ಕುಟುಂಬದಲ್ಲಿ. ಓದಿದ್ದು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಮನೋವೈದ್ಯದ ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ, ಇಂದು ನಿಮ್ಹಾನ್ಸ್ ಆಗಿರುವ ಸಂಸ್ಥೆಯಲ್ಲಿ. ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂದು ಅವರನ್ನು ಕರೆಯುತ್ತಾರೆ. 1959ರಲ್ಲಿ ಕೀಳ್ಪಾಕ್ ಸೇರಿದರು, 1961ರಿಂದ 1978ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಒಳಗೆ ಸೇರಿಸಿ ಬೀಗ ಹಾಕುವ ಜಾಗವನ್ನು ಅವರು ಬಂದು ತೋರಿಸಿಕೊಂಡು ಮನೆಗೆ ಹೋಗುವ ಜಾಗವನ್ನಾಗಿ ಮಾಡುತ್ತ ಹೋದರು. ಹೊರರೋಗಿ ವಿಭಾಗ ಬೆಳೆಯಿತು, ರೋಗಿಗಳಿಗೆ ಕೈಕೆಲಸ ಕಲಿಸುವ ಘಟಕ ಬಂತು. ನಿವೃತ್ತಿಯ ನಂತರ, 1984ರಲ್ಲಿ, ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ‘ಸ್ಕಾರ್ಫ್’ ಸಂಸ್ಥೆ ಕಟ್ಟಿದರು. 1992ರಲ್ಲಿ ಪದ್ಮಭೂಷಣ ಬಂತು. 2021ರ ಡಿಸೆಂಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಚ್ಚಿನ ಕೆಲಸ ತೀವ್ರ ಮನೋರೋಗಗಳ ಕ್ಷೇತ್ರದ್ದು, ಖಿನ್ನತೆಯದಲ್ಲ. ಆದರೂ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ, ಮನೋವೈದ್ಯರನ್ನು ಕಂಡು, ಸಂಜೆ ಮನೆಗೆ ಮರಳುವುದು ಇವತ್ತು ಸಾಮಾನ್ಯ ಸಂಗತಿಯಾಗಿದ್ದರೆ ಆ ತಲೆಮಾರಿನ ದುಡಿಮೆ ಅದರ ಹಿಂದಿದೆ.

‘ಸ್ಕಾರ್ಫ್’ ಶುರುವಾಗಿ ಎರಡು ವರ್ಷದ ನಂತರ, 1986ರಲ್ಲಿ, ಇದೇ ನಗರದಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ‘ಸ್ನೇಹಾ’ ಶುರುಮಾಡಿದರು. ಆತ್ಮಹತ್ಯೆ ತಡೆಯುವುದೇ ಅದರ ಕೆಲಸ. ಫೋನು ಎತ್ತುವವರು ತರಬೇತಿ ಪಡೆದ ಸ್ವಯಂಸೇವಕರು, ಡಾಕ್ಟರುಗಳಲ್ಲ. ಬುದ್ಧಿ ಹೇಳಬಾರದು, ಸರಿ-ತಪ್ಪು ತೀರ್ಪು ಕೊಡಬಾರದು, ಕೇಳಿದ್ದನ್ನು ಹೊರಗೆ ಆಡಬಾರದು. ಲಂಡನ್ನಿನಲ್ಲಿ 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿ ಆರಂಭಿಸಿದ ‘ಸಮಾರಿಟನ್ಸ್’ನಿಂದ ಹರಡಿದ ಪದ್ಧತಿ ಇದು. ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ವಿಷಯದಲ್ಲಿ ಡಾ. ಲಕ್ಷ್ಮಿ ಕೇಳುವುದರ ಆಚೆಗೂ ಹೋದರು. ಫೇಲಾದವರು ಒಂದು ವರ್ಷ ಕಾಯದೆ ಕೆಲವೇ ವಾರಗಳಲ್ಲಿ ಮತ್ತೆ ಬರೆಯುವ ಪೂರಕ ಪರೀಕ್ಷೆ ಬೇಕೆಂದು ತಮಿಳುನಾಡು ಸರ್ಕಾರದ ಮುಂದೆ ವಾದಿಸಿದರು, ಸರ್ಕಾರ ಅದನ್ನು ಜಾರಿಗೆ ತಂದಿತು. ದುಃಖಕ್ಕೆ ಹೊರಗಿನ ಕಾರಣವಿದ್ದರೆ ಅದನ್ನೂ ಬದಲಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಮನೋಚಿಕಿತ್ಸೆ ಎಂದರೆ ಹೀಗೆ ಸುಮ್ಮನೆ ಕೇಳುವುದೇ? ಕೇಳುವುದರಿಂದ ಅದು ಶುರುವಾಗುತ್ತದೆ, ಅಲ್ಲಿಗೇ ನಿಲ್ಲುವುದಿಲ್ಲ. ಬುದ್ಧಿಮಾತಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲೊಂದು ಕ್ರಮವಿದೆ, ಇಷ್ಟು ವಾರ ಎಂಬ ಅಂದಾಜಿದೆ, ಮನೆಯಲ್ಲಿ ಮಾಡಿಕೊಂಡು ಬರುವ ಕೆಲಸವಿದೆ. ಖಿನ್ನತೆಗೆ ಇಂದು ಹೆಚ್ಚು ಬಳಕೆಯಲ್ಲಿರುವ ಸಿ.ಬಿ.ಟಿ. (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಪದ್ಧತಿಗೆ ಅಡಿಪಾಯ ಹಾಕಿದವರು ಅಮೆರಿಕದ ಮನೋವೈದ್ಯ ಆರನ್ ಬೆಕ್, 1960ರ ದಶಕದಲ್ಲಿ. ಖಿನ್ನತೆಯಲ್ಲಿರುವವರ ತಲೆಯಲ್ಲಿ ತಮ್ಮ ಬಗ್ಗೆ, ಸುತ್ತಲಿನವರ ಬಗ್ಗೆ, ಮುಂದಿನ ದಿನಗಳ ಬಗ್ಗೆ ಕೆಟ್ಟ ಯೋಚನೆಗಳು ತಾವಾಗಿಯೇ ಓಡುತ್ತಿರುತ್ತವೆ, ಅವನ್ನು ಅವರು ಯೋಚನೆ ಎಂದಲ್ಲ, ಸತ್ಯ ಎಂದೇ ನಂಬಿರುತ್ತಾರೆ ಎಂಬುದನ್ನು ಬೆಕ್ ಗುರುತಿಸಿದರು.

ಈ ಚಿಕಿತ್ಸೆ ಕೋಣೆಯೊಳಗೆ ಹೇಗೆ ನಡೆಯುತ್ತದೆ? ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಇದು ಯಾರೊಬ್ಬರ ಕತೆಯೂ ಅಲ್ಲ, ಚಿಕಿತ್ಸೆಯ ಹೆಜ್ಜೆಗಳನ್ನು ತೋರಿಸಲು ಹೆಣೆದದ್ದು.

ಉಡುಪಿ ಕಡೆಯಿಂದ ಮದುವೆಯಾಗಿ ಬಂದು ಮೂವತ್ತು ವರ್ಷ ವೆಸ್ಟ್ ಮಾಂಬಲಂನಲ್ಲಿ ಸಂಸಾರ ಮಾಡಿದ ಹೆಂಗಸು. ಮಗ ಹೊರದೇಶದಲ್ಲಿ. ಹೋದ ವರ್ಷ ಊರಿನಲ್ಲಿ ಅಮ್ಮ ತೀರಿಕೊಂಡರು. ಆಮೇಲೆ ಒಂದೊಂದಾಗಿ ಎಲ್ಲ ನಿಂತಿತು: ಗುರುವಾರದ ದೇವರನಾಮದ ಗುಂಪು, ಸಂಜೆಯ ಮಾರ್ಕೆಟ್ಟು, ನಾದಿನಿಯ ಜೊತೆ ಫೋನು. ಗಂಡ ‘ನಿಂಗೇನು ಕಮ್ಮಿ’ ಎಂದಾಗಿದೆ, ನಾದಿನಿ ‘ಅತ್ತಿಗೆ, ದೇವರ ಮೇಲೆ ಭಾರ ಹಾಕಿ’ ಎಂದಾಗಿದೆ. ಕೊನೆಗೆ ಮನೋವೈದ್ಯರು ನೋಡಿ, ಒಂದು ಮಾತ್ರೆ ಬರೆದು, ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಳಿಸಿದ್ದಾರೆ.

ಮೊದಲ ದಿನ ಪ್ರಶ್ನೆಗಳೇ ಹೆಚ್ಚು. ನಿದ್ದೆ, ಊಟ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ, ಹಿಂದೆ ಯಾವಾಗಲಾದರೂ ಅತಿಯಾದ ಹುಮ್ಮಸ್ಸು ಬಂದಿತ್ತೇ. ಮತ್ತೆ ನೇರವಾಗಿ: ‘ಸಾಯಬೇಕು ಅನ್ನಿಸುತ್ತಾ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಯಾರೋ ಒಬ್ಬರು ಕೊನೆಗೂ ಕೇಳಿದರಲ್ಲ ಎಂದು ಹಲವರಿಗೆ ಹಗುರಾಗುತ್ತದೆ.

ಎರಡನೇ ಭೇಟಿಯಲ್ಲಿ ಆಕೆ, ‘ದಿನವಿಡೀ ಏನೂ ಮಾಡಲ್ಲ ಮೇಡಂ, ಸುಮ್ನೆ ಬಿದ್ಕೊಂಡಿರ್ತೀನಿ’ ಎನ್ನುತ್ತಾರೆ. ‘ಹಾಗೆ ಮಾಡಬೇಡಿ’ ಎಂಬ ಉತ್ತರ ಬರುವುದಿಲ್ಲ. ‘ಒಂದು ವಾರ ಬರೆದುಕೊಂಡು ಬರ್ತೀರಾ? ಗಂಟೆಗೊಂದು ಸಾಲು ಸಾಕು. ಖುಷಿಗೆ ಹತ್ತಕ್ಕೆ ಎಷ್ಟು, ಮಾಡಿದೆ ಅನ್ನೋ ಸಮಾಧಾನಕ್ಕೆ ಹತ್ತಕ್ಕೆ ಎಷ್ಟು, ಅಷ್ಟೇ.’ ತಮಿಳುನಾಡಿನ ಮನೆಗಳಲ್ಲೆಲ್ಲ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರುತ್ತದಲ್ಲ, ಆ ಹಾಳೆಗಳ ಬೆನ್ನಿಗೆ ಬರೆದುಕೊಂಡು ಬರುತ್ತಾರೆ. ಏಳು ಚೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಇಬ್ಬರೂ ನೋಡುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕು ಮಲಗಿದ್ದ ಕಡೆಯೆಲ್ಲ ಸೊನ್ನೆ, ಸೊನ್ನೆ. ಮಲಗಿದರೆ ಸುಧಾರಿಸಿಕೊಳ್ಳಬಹುದು ಎಂದುಕೊಂಡಿದ್ದರು, ಅಲ್ಲೇ ಯೋಚನೆ ಸುತ್ತಿ ಸುತ್ತಿ ಬರುತ್ತಿತ್ತು. ಮಂಗಳವಾರ ಸಂಜೆ ಬಾಗಿಲಿಗೆ ಬಂದ ಹೂವಿನಾಕೆಯ ಹತ್ತಿರ ಎರಡು ಮೊಳ ಮಲ್ಲಿಗೆಗೆ ಚೌಕಾಸಿ ಮಾಡಿದ್ದಕ್ಕೆ ಮೂರು ಅಂಕವಿದೆ. ‘ಇದೊಂದು ಹೆಂಗೆ ಬಂತೋ ಗೊತ್ತಿಲ್ಲ’ ಎನ್ನುತ್ತಾರೆ ಆಕೆ.

ಆ ಮೂರು ಅಂಕದಿಂದ ಕೆಲಸ ಶುರು. ಉತ್ಸಾಹ ಬಂದಮೇಲೆ ಎದ್ದು ಹೊರಡೋಣ ಎಂದು ಖಿನ್ನತೆಯಲ್ಲಿ ಕಾಯುತ್ತ ಕೂತರೆ ಅದು ಬರುವುದೇ ಇಲ್ಲ. ಹೊರಗೆ ಹೋಗದಿದ್ದಷ್ಟೂ ಹಿಡಿಸುವ ಸಂಗತಿಗಳು ಕಡಿಮೆಯಾಗುತ್ತವೆ, ಅವು ಕಡಿಮೆಯಾದಷ್ಟೂ ಮನಸ್ಸು ಕುಗ್ಗುತ್ತದೆ. ಆದ್ದರಿಂದ ಕ್ರಮ ತಿರುಗಿಸಬೇಕು: ಮೊದಲು ಮಾಡುವುದು, ಅನ್ನಿಸುವುದು ಆಮೇಲೆ. ಹೂವನ್ನು ಮನೆಬಾಗಿಲಿಗೆ ತರಿಸದೆ ಬೀದಿಕೊನೆಯ ಅಂಗಡಿಗೇ ಹೋಗಿ ತರುವುದು ಈ ವಾರದ ಪಾಠ. ಮುಂದಿನ ವಾರ ಗುರುವಾರದ ಗುಂಪಿಗೆ ಹೋಗಿ ಕೂರುವುದು, ಹಾಡಲೇಬೇಕೆಂದಿಲ್ಲ. ಮೂರನೇ ವಾರ ಆಕೆ ಏನೂ ಮಾಡಿರುವುದಿಲ್ಲ, ಚಿಕಿತ್ಸೆಗೇ ಬಂದಿರುವುದಿಲ್ಲ. ಇದು ತೀರಾ ಮಾಮೂಲಿ. ಒಳ್ಳೆಯ ಚಿಕಿತ್ಸಕರು ಫೋನು ಮಾಡಿ, ಬೈಯದೆ, ಪಾಠವನ್ನು ಇನ್ನೂ ಚಿಕ್ಕದು ಮಾಡುತ್ತಾರೆ.

ಐದನೇ ಭೇಟಿಗೋ ಆರನೆಯದಕ್ಕೋ ಅಮ್ಮನ ಮಾತು ಬರುತ್ತದೆ. ಅಲ್ಲಿಯವರೆಗೆ ತಮಿಳಿನಲ್ಲಿ ನಡೆಯುತ್ತಿದ್ದ ಮಾತು ಕನ್ನಡಕ್ಕೆ ಹೊರಳುತ್ತದೆ.

‘ಅಮ್ಮ ಹೋಗೋ ಹೊತ್ತಿಗೆ ನಾನಿರ್ಲಿಲ್ಲ. ನಾನು ಕೆಟ್ಟ ಮಗಳು.’

ಇಲ್ಲಿ ನಾವಾದರೆ ‘ಛೆ, ಹಾಗೆಲ್ಲ ಅನ್ಕೋಬೇಡಿ’ ಎನ್ನುತ್ತಿದ್ದೆವು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಚಿಕಿತ್ಸಕಿ ಬೇರೆ ದಾರಿ ಹಿಡಿಯುತ್ತಾರೆ.

‘ಅಮ್ಮ ಹಾಸಿಗೆ ಹಿಡಿದ ಮೇಲೆ ನೀವು ಏನೇನು ಮಾಡಿದ್ರಿ?’

‘ತಿಂಗಳಿಗೊಂದು ಸಲ ಮಂಗಳೂರು ಮೇಲ್ ಹತ್ತಿ ಹೋಗ್ತಿದ್ದೆ. ನಾಲ್ಕು ದಿನ ಇದ್ದು ಬರ್ತಿದ್ದೆ.’

‘ಕೊನೇ ದಿನ?’

‘ಫೋನು ಬಂತು. ಟಿಕೆಟ್‌ಗೆ ಓಡಾಡ್ತಿದ್ವಿ. ಅಷ್ಟರಲ್ಲಿ...’

‘ನಿಮ್ಮ ತಂಗಿಗೆ ಹೀಗಾಗಿದ್ದಿದ್ರೆ, ಅವರನ್ನೂ ಕೆಟ್ಟ ಮಗಳು ಅಂತಿದ್ರಾ?’

ಬಹಳ ಹೊತ್ತು ಮಾತಿಲ್ಲ. ಆ ಮೌನವನ್ನು ತುಂಬಲು ಹೋಗದಿರುವುದೂ ತರಬೇತಿಯಿಂದ ಬರುವ ವಿದ್ಯೆ. ‘ಇಲ್ಲ. ಅವಳಿಗೆ ಹಾಗನ್ನೋಕೆ ಮನಸ್ಸು ಬರ್ತಿರ್ಲಿಲ್ಲ.’

ಅಂದಿನ ಕ್ಯಾಲೆಂಡರ್ ಹಾಳೆಯ ಹಿಂದೆ ಆಕೆ ಬರೆಯುವುದು ‘ನಾನು ಒಳ್ಳೆಯ ಮಗಳು’ ಎಂದಲ್ಲ. ಅದನ್ನು ಆಕೆಯೇ ನಂಬುವುದಿಲ್ಲ. ‘ಕೊನೇ ಹೊತ್ತಿಗೆ ತಲುಪಲಾಗಲಿಲ್ಲ, ಅದರ ದುಃಖ ಇದೆ. ಹೋಗಿ ನೋಡಿಕೊಂಡ ದಿನಗಳೂ ಇವೆ’ ಎಂದು ಬರೆಯುತ್ತಾರೆ. ಎರಡೂ ನಿಜ. ಖಿನ್ನತೆ ಎರಡನೆಯದನ್ನು ಮುಚ್ಚಿಟ್ಟಿತ್ತು. ಮನೋಚಿಕಿತ್ಸೆ ‘ಪಾಸಿಟಿವ್ ಆಗಿ ಯೋಚಿಸಿ’ ಎನ್ನುವ ಭಾಷಣವೆಂದು ತಿಳಿದವರು ಈ ಹಾಳೆಯನ್ನು ನೋಡಬೇಕು. ಅಲ್ಲಿ ದುಃಖಕ್ಕೆ ಜಾಗವಿದೆ. ತೆಗೆದುಹಾಕಿದ್ದು ಆಕೆ ತನ್ನ ಮೇಲೆ ತಾನೇ ಹೊರಿಸಿಕೊಂಡಿದ್ದ ಅಪರಾಧವನ್ನು ಮಾತ್ರ.

ಕೊನೆಯ ಒಂದೆರಡು ಭೇಟಿಗಳು ಮುಂದಿನ ದಿನಗಳಿಗೆ. ಖಿನ್ನತೆ ಮರುಕಳಿಸುವ ಕಾಯಿಲೆ. ಅಮ್ಮನ ವರ್ಷಾಂತ ಬರುತ್ತದೆ, ಆ ವಾರ ಏನು ಮಾಡುವುದು? ನಿದ್ದೆ ಮತ್ತೆ ಮೂರಕ್ಕೆ ಮುರಿಯತೊಡಗಿದರೆ ಯಾರಿಗೆ ಹೇಳುವುದು? ಇವನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ.

ಸಿ.ಬಿ.ಟಿ. ಒಂದೇ ದಾರಿ ಅಲ್ಲ. ಜೆರಾಲ್ಡ್ ಕ್ಲೆರ್ಮನ್, ಮಿರ್ನಾ ವೈಸ್‌ಮನ್ ರೂಪಿಸಿದ, ಸಂಬಂಧಗಳನ್ನೇ ಕೇಂದ್ರವಾಗಿಟ್ಟುಕೊಂಡ ಇನ್ನೊಂದು ಪದ್ಧತಿ ಸಾವಿನ ಶೋಕ, ಮನೆಯ ಜಗಳ, ಬದುಕಿನ ಪಾತ್ರ ಬದಲಾಗುವುದು, ಒಂಟಿತನ ಇವುಗಳ ಮೇಲೆ ಕೆಲಸ ಮಾಡುತ್ತದೆ. ಊರು ಬಿಟ್ಟು ಬಂದವರಿಗೆ, ಮಕ್ಕಳು ದೂರ ಹೋದವರಿಗೆ, ನಿವೃತ್ತರಿಗೆ ಇದು ಹತ್ತಿರವೆನಿಸಬಹುದು.

ಇಷ್ಟೆಲ್ಲ ಮಾಡಲು ನಮ್ಮಲ್ಲಿ ತಜ್ಞರೆಲ್ಲಿದ್ದಾರೆ ಎಂಬ ಪ್ರಶ್ನೆಗೆ ಗೋವಾದಿಂದ ಒಂದು ಉತ್ತರ ಬಂದಿದೆ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವಿಜ್ಞಾನ ಓದಿರದ ಸ್ಥಳೀಯರಿಗೇ ತರಬೇತಿ ಕೊಟ್ಟು, ಮೇಲೆ ಹೇಳಿದಂಥ ‘ಮೊದಲು ಮಾಡುವುದು’ ಚಿಕಿತ್ಸೆಯನ್ನು ಆರರಿಂದ ಎಂಟು ಭೇಟಿಗಳಲ್ಲಿ ಕೊಡಿಸಿದರು. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವರದಿಯ ಪ್ರಕಾರ, ಮೂರು ತಿಂಗಳಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಆ ಪ್ರಮಾಣ ಶೇ 39. ಇದರಿಂದ ಎರಡು ವಿಷಯ ಖಚಿತವಾಗುತ್ತದೆ: ಮಾತಿನ ಚಿಕಿತ್ಸೆ ನಮ್ಮ ಜನಕ್ಕೂ ಹಿಡಿಸುತ್ತದೆ, ಮತ್ತು ಅದು ಎಲ್ಲರಿಗೂ ಸಾಲುವುದಿಲ್ಲ. ಉಳಿದ ಶೇ 36 ಮಂದಿಯೂ ಮನುಷ್ಯರೇ, ಅವರಿಗೆ ಬೇರೆ ದಾರಿ ಬೇಕು.

ಊಟ-ನೀರು ಬಿಟ್ಟವರು, ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತಿರುವವರು, ಸಾಯುವ ಯೋಜನೆ ಹಾಕಿಕೊಂಡವರು ಮೊದಲು ಮನೋವೈದ್ಯರನ್ನು ಕಾಣಬೇಕು, ಬೇಕಾದರೆ ಆಸ್ಪತ್ರೆ ಸೇರಬೇಕು. ತೀವ್ರ ಖಿನ್ನತೆಗೆ ಮಾತ್ರೆಯೂ ಬೇಕು, ಮಾತೂ ಬೇಕು. ಮಾತ್ರೆ ಕೆಲಸ ಶುರುಮಾಡಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸುವುದೂ, ಸುಧಾರಿಸಿದೊಡನೆ ತಾವೇ ಬಿಡುವುದೂ ಅಪಾಯ. ಇನ್ನೊಂದು ಮಾತು ಒತ್ತಿ ಹೇಳಬೇಕು. ಹೊಡೆಯುವ ಗಂಡ, ತೀರದ ಬಡ್ಡಿ ಸಾಲ, ಕೆಲಸದಲ್ಲಿ ಕಿರುಕುಳ ಇವಕ್ಕೆ ಮನೋಚಿಕಿತ್ಸೆ ಮದ್ದಲ್ಲ. ಅಂಥ ಮನೆಯಲ್ಲಿರುವ ಹೆಂಗಸಿಗೆ ಯೋಚನೆ ತಿದ್ದಿಕೊಳ್ಳಲು ಹೇಳುವ ಚಿಕಿತ್ಸಕರು ಅನ್ಯಾಯ ಮಾಡುತ್ತಾರೆ. ಆಕೆಗೆ ಮೊದಲು ಬೇಕಾದದ್ದು ರಕ್ಷಣೆ.

ಯಾರ ಬಳಿ ಹೋಗುವುದು? ಕೀಳ್ಪಾಕ್ಕಿನ ಸಂಸ್ಥೆಯಲ್ಲಿ, ಸೆಂಟ್ರಲ್ ಸ್ಟೇಷನ್ನಿನ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗಗಳಿವೆ. ಖಾಸಗಿಯಲ್ಲಿ ಶುಲ್ಕ ಹಲವರಿಗೆ ಭಾರ, ಮೊದಲೇ ಕೇಳಿಕೊಳ್ಳಲು ಸಂಕೋಚ ಬೇಡ. ‘ಕೌನ್ಸೆಲರ್’ ಎಂಬ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳುವ ಸ್ಥಿತಿ ಇರುವುದರಿಂದ ವಿದ್ಯಾರ್ಹತೆ ಕೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಒಂದೇ ಸಿಟ್ಟಿಂಗಿನಲ್ಲಿ ವಾಸಿ ಎನ್ನುವವರು, ಡಾಕ್ಟರು ಕೊಟ್ಟ ಮಾತ್ರೆ ಬಿಡಿ ಎನ್ನುವವರು, ನೀವು ಹೇಳಿದ್ದನ್ನು ನಿಮ್ಮ ಮನೆಯವರಿಗೆ ಒಪ್ಪಿಸುವವರು ಸಿಕ್ಕರೆ ಎದ್ದು ಬನ್ನಿ. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಕೊಟ್ಟಿರುವ ಹಕ್ಕು. ತಮಿಳು ಎಷ್ಟೇ ಚೆನ್ನಾಗಿ ಬಂದರೂ ಅಳುವ ಮಾತು ಕನ್ನಡದಲ್ಲೇ ಬರುವುದಾದರೆ ಕನ್ನಡ ಬಲ್ಲವರು ಬೇಕೆಂದು ಕೇಳಬಹುದು. ಈಗ ಬೆಂಗಳೂರು, ಮಂಗಳೂರಿನ ಚಿಕಿತ್ಸಕರು ವಿಡಿಯೋದಲ್ಲೂ ಸಿಗುತ್ತಾರೆ.

ಮನೆಯವರು ಮಾಡಬಹುದಾದ್ದು ಸಣ್ಣದು, ಆದರೆ ಅದಿಲ್ಲದೆ ಏನೂ ಆಗುವುದಿಲ್ಲ. ಖಿನ್ನತೆಯಲ್ಲಿರುವವರಿಗೆ ಫೋನು ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದೇ ಬೆಟ್ಟ ಹತ್ತಿದಷ್ಟು ಕಷ್ಟ. ಆ ಫೋನನ್ನು ನೀವು ಮಾಡಿ. ‘ಗುರುವಾರ ಹನ್ನೊಂದಕ್ಕೆ ಹೋಗೋಣ, ನಾನೂ ಬರ್ತೀನಿ’ ಎನ್ನಿ. ಜೊತೆಗೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತಿರಿ, ಒಳಗೆ ಏನು ಮಾತಾಯಿತೆಂದು ದಾರಿಯಲ್ಲಿ ಕೆದಕಬೇಡಿ.

ಇವತ್ತೇ ಮಾತಾಡಬೇಕೆನ್ನಿಸಿದರೆ ಕೇಂದ್ರ ಸರ್ಕಾರದ ‘ಟೆಲಿ-ಮಾನಸ್’ ಇದೆ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ನಡೆಯುತ್ತದೆ, ಹಣ ಕೊಡಬೇಕಿಲ್ಲ, ಕನ್ನಡವನ್ನೂ ಆರಿಸಿಕೊಳ್ಳಬಹುದು. ಚೆನ್ನೈನ ‘ಸ್ನೇಹಾ’ದ ಸಂಖ್ಯೆ 044-24640050. ಕಷ್ಟದಲ್ಲಿರುವವರೇ ಕರೆ ಮಾಡಬೇಕೆಂದಿಲ್ಲ. ಅವರ ಬಗ್ಗೆ ಆತಂಕಗೊಂಡ ಗಂಡ, ಮಗಳು, ನೆರೆಮನೆಯವರು ಯಾರಾದರೂ ಮಾಡಿ, ಏನು ಮಾಡಬೇಕೆಂದು ಕೇಳಬಹುದು.